ಇಯುಎಸ್: ಮೀನಿನ ಮೈಯೆಲ್ಲ ಹುಣ್ಣಾಗುವ ರೋಗ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಕೆರೆ, ಹೊಳೆಗಳಲ್ಲಿ ಸಿಗುವ ಕೊರವ ಮೀನಿನ ಮೈಮೇಲೆ ಮೊದಲು ಕೆಂಪು ಚುಕ್ಕೆ ಕಾಣುತ್ತದೆ. ಆಮೇಲೆ ಅದು ಹುಣ್ಣಾಗುತ್ತದೆ. ಕೆಲವು ಮೀನುಗಳಲ್ಲಂತೂ ಮಾಂಸ ಕೊಳೆತು ಒಳಗಿನ ಮೂಳೆಯೇ ಕಾಣುತ್ತದೆ. ನೋಡಿದವರಿಗೆ ಯಾರೋ ನೀರಿಗೆ ವಿಷ ಹಾಕಿರಬೇಕು ಅನ್ನಿಸುವುದು ಸಹಜ. ಆದರೆ ಇದು ಹರಡುವ ರೋಗ. ಹೆಸರು ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್, ಚಿಕ್ಕದಾಗಿ ಇಯುಎಸ್.

ಪ್ರಾಣಿಗಳಲ್ಲಿ ಏಕಾಏಕಿ ಹಬ್ಬುವ ರೋಗವನ್ನು ಎಪಿಜೂಟಿಕ್ ಅನ್ನುತ್ತಾರೆ. ಅಲ್ಸರ್ ಅಂದರೆ ಹುಣ್ಣು, ಅದು ಗೊತ್ತೇ ಇದೆ. ಇನ್ನು ಸಿಂಡ್ರೋಮ್ ಯಾಕೆ ಸೇರಿಕೊಂಡಿತು ಅಂದರೆ, 1986ರಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ ತಜ್ಞರು ಈ ಹೆಸರು ಒಪ್ಪಿಕೊಂಡಾಗ ರೋಗಕ್ಕೆ ಕಾರಣ ಏನು ಅನ್ನುವುದು ಅವರಿಗೂ ಪಕ್ಕಾ ಆಗಿರಲಿಲ್ಲ. ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಸಿಗುತ್ತಿತ್ತು, ಕೆಲವು ಮೀನುಗಳಲ್ಲಿ ವೈರಸ್ಸೂ ಸಿಗುತ್ತಿತ್ತು, ಯಾವುದು ಕಳ್ಳ ಯಾವುದು ಸುಮ್ನೆ ಹೊಕ್ಕಿದ್ದು ಅಂತ ತೀರ್ಮಾನವಾಗಲು ವರ್ಷಗಳೇ ಹಿಡಿದವು.

ಕೊನೆಗೆ ಸಿಕ್ಕಿಬಿದ್ದದ್ದು ಅಫನೊಮೈಸಿಸ್ ಇನ್ವೇಡನ್ಸ್. ನೋಡಲು ಶಿಲೀಂಧ್ರದ ಹಾಗೆ ಎಳೆ ಎಳೆಯಾಗಿರುತ್ತದೆ, ಆದರೆ ಅದು ಶಿಲೀಂಧ್ರವಲ್ಲ. ಊಮೈಸೀಟ್ ಅನ್ನುವ ಬೇರೆಯದೇ ಗುಂಪು. ಮಲೆನಾಡಿನ ಅಡಿಕೆ ಬೆಳೆಗಾರರು ಈ ಗುಂಪಿನಿಂದ ಸಾಕಷ್ಟು ಅನುಭವಿಸಿದ್ದಾರೆ, ಯಾಕೆಂದರೆ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಇದೇ ಗುಂಪಿನದು. ಎರಡಕ್ಕೂ ನೀರು ಬೇಕು. ಅಫನೊಮೈಸಿಸ್‌ನ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಬಂದು ಮೀನಿನ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಚರ್ಮ ತರಚಿದ್ದರಂತೂ ಕೆಲಸ ಇನ್ನೂ ಸುಲಭ, ಅಲ್ಲಿಂದ ಎಳೆಗಳು ಮಾಂಸದೊಳಕ್ಕೆ ಇಳಿಯುತ್ತವೆ. ಮೀನಿನ ದೇಹ ಆ ಎಳೆಗಳ ಸುತ್ತ ಗಂಟು ಕಟ್ಟಿ ತಡೆಯಲು ನೋಡುತ್ತದೆ. ಪ್ರಯೋಗಾಲಯದಲ್ಲಿ ಮಾಂಸದ ತೆಳು ಪದರ ತೆಗೆದು ಹುಡುಕುವುದು ಈ ಗಂಟುಗಳನ್ನೇ.

ಇಲ್ಲಿ ಒಂದು ವಿಚಿತ್ರ ಇದೆ. ಈ ಜೀವಿಗೆ ಬೆಚ್ಚನೆಯ ನೀರೇ ಇಷ್ಟ, ತಣ್ಣೀರಿನಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆದರೂ ರೋಗ ಜೋರಾಗುವುದು ನೀರು 18ರಿಂದ 22 ಡಿಗ್ರಿ ಇರುವಾಗ! ಕಾರಣ ಮೀನಿನಲ್ಲಿದೆ. ತಣ್ಣೀರಿನಲ್ಲಿ ಅದರ ರೋಗನಿರೋಧಕ ಶಕ್ತಿ ಇನ್ನೂ ಜಾಸ್ತಿ ಕುಗ್ಗುತ್ತದೆ. ಕೊರವ ಮೀನುಗಳ ಮೇಲೆ ಮಾಡಿದ ಪ್ರಯೋಗವೊಂದರಲ್ಲಿ 19 ಡಿಗ್ರಿಯಲ್ಲಿದ್ದವು ಸತ್ತವು, 26 ಮತ್ತು 31 ಡಿಗ್ರಿಯಲ್ಲಿದ್ದವು ಚೇತರಿಸಿಕೊಂಡವು. ಇದರ ಜೊತೆಗೆ ಜೋರು ಮಳೆಯ ನಂತರ ಹುಳಿ ಮಣ್ಣಿನ ನೀರು ಹರಿದು ಬಂದರೆ ಮೀನಿನ ಚರ್ಮ ಹಾಳಾಗುತ್ತದೆ, ಬೀಜಕಣಕ್ಕೆ ದಾರಿಯಾಗುತ್ತದೆ. ನನಗೆ ಕೇಳಿದರೆ ಇಯುಎಸ್ ಅರ್ಧ ರೋಗಾಣುವಿನ ಕಾಯಿಲೆ, ಇನ್ನರ್ಧ ನೀರಿನ ಕಾಯಿಲೆ.

ಹರಡಿದ ದಾರಿ ನೋಡಿ. 1971ರಲ್ಲಿ ಜಪಾನ್, ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಅಲ್ಲಿಯವರು ಕೆಂಪು ಚುಕ್ಕೆ ರೋಗ ಎಂದು ಕರೆದರು. ಆಮೇಲೆ ಆಗ್ನೇಯ ಏಷ್ಯಾ. 1988ರಲ್ಲಿ ಬಾಂಗ್ಲಾದೇಶ, ಅದೇ ವರ್ಷ ನಮ್ಮ ಈಶಾನ್ಯ ರಾಜ್ಯಗಳು. 1991ರಲ್ಲಿ ಕೇರಳದ ಕುಟ್ಟನಾಡು, ಅದರ ಬೆನ್ನಿಗೇ ಕರ್ನಾಟಕ. ಇಲ್ಲಿ ಸಿಹಿನೀರು, ಅಳಿವೆ ಎರಡೂ ಕಡೆಯ ಮೀನುಗಳಲ್ಲಿ ರೋಗ ಕಂಡಿತು, ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ಅಧ್ಯಯನ ಮಾಡಿದರು. ಅಳಿವೆಯಲ್ಲೂ ಬಂತಾ ಅನ್ನಬೇಡಿ, ಮಳೆ ನೀರು ನುಗ್ಗಿ ಉಪ್ಪು ಕಡಿಮೆಯಾದಾಗ ಅಲ್ಲಿಯೂ ಬರುತ್ತದೆ. 2006ರ ಕೊನೆಗೆ ಆಫ್ರಿಕಾದ ಛೋಬೆ, ಜಾಂಬೆಜಿ ನದಿಗಳಲ್ಲೂ ಕಾಣಿಸಿಕೊಂಡಿತು. ಮೀನು ಸಾಗಾಟ, ಪ್ರವಾಹ ಎರಡೂ ಇದಕ್ಕೆ ವಾಹನ. ಏಷ್ಯಾದ ಬೇರೆ ಬೇರೆ ದೇಶಗಳ ಮಾದರಿಗಳ ತಳಿಗುಣ ಹೆಚ್ಚುಕಡಿಮೆ ಒಂದೇ ಇದೆ, ಅಂದರೆ ಒಂದೇ ಮೂಲದಿಂದ ಹೊರಟು ಸುತ್ತಾಡಿರಬೇಕು.

ಪೆಟ್ಟು ಎಲ್ಲ ಮೀನಿಗೂ ಒಂದೇ ಥರ ಬೀಳುವುದಿಲ್ಲ. ಕೊರವ, ಚೇಳು ಮೀನು, ಹಳ್ಳದ ಸಣ್ಣ ಪಂಟಿಯಸ್ ಜಾತಿಗಳು ಬೇಗ ಸಾಯುತ್ತವೆ. ಹೊರಗಿನಿಂದ ಬಂದ ಸಾಮಾನ್ಯ ಗೆಂಡೆ, ತಿಲಾಪಿಯ (ನಮ್ಮ ಜಿಲೇಬಿ ಮೀನು) ಆರಾಮಾಗಿರುತ್ತವೆ. ನಾಡಿನ ಮೀನು ಸತ್ತು ಪರದೇಶದ್ದು ಉಳಿಯುವುದು ಯಾವ ನ್ಯಾಯ, ಅಲ್ವಾ?

ಮೀನುಗಾರನಿಗೆ ಇನ್ನೊಂದು ಕಷ್ಟ. ಹುಣ್ಣಿನ ಮೀನು ಒಮ್ಮೆ ಕಣ್ಣಿಗೆ ಬಿದ್ದರೆ ಜನ ಚೆನ್ನಾಗಿರುವ ಮೀನನ್ನೂ ಕೊಳ್ಳುವುದಿಲ್ಲ, ಬೆಲೆ ಕುಸಿಯುತ್ತದೆ. ಈ ಜೀವಿ ಮನುಷ್ಯರಿಗೆ ರೋಗ ತಂದ ದಾಖಲೆಯಿಲ್ಲ. ಆದರೆ ಹುಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿರುತ್ತವೆ, ಅಂಥ ಮೀನನ್ನು ತಿನ್ನದಿರುವುದೇ ವಾಸಿ.

ಸಾಕಣೆ ಕೊಳವಾದರೆ ಸುಣ್ಣ ಹಾಕಬಹುದು, ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ತಯಾರಿಸಿದ ಸಿಫಾಕ್ಸ್ ಔಷಧಿಯೂ ಇದೆ. ಹೊಳೆಗೆ ಎಷ್ಟು ಸುಣ್ಣ ಸುರಿಯುತ್ತೀರಿ? ಅಲ್ಲಿ ನೀರು ಬೆಚ್ಚಗಾಗುವವರೆಗೆ ಕಾಯಬೇಕು, ಬದುಕುಳಿದವು ತಾವಾಗಿಯೇ ವಾಸಿಯಾಗುತ್ತವೆ. ಅಲ್ಲಿಯವರೆಗೆ ಹುಣ್ಣಿನ ಮೀನನ್ನು ವಾಪಸ್ ನೀರಿಗೆ ಎಸೆಯದೆ ದಡದಿಂದ ದೂರ ಹೂಳುವುದು, ಬಲೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸುವುದು, ಆ ನೀರಿನ ಮೀನನ್ನು ಮತ್ತೊಂದು ಕೆರೆಗೆ ಬಿಡದಿರುವುದು, ಇಷ್ಟು ಮಾಡಬಹುದು.