ಸೋಲಾರ್ ಸೆಲ್ ಅಗ್ಗ ಆಗಿದ್ದು ಹೇಗೆ? ಲ್ಯಾಬಿಂದ ಫ್ಯಾಕ್ಟರಿಗೆ ಬರೋಕೆ ಹಿಡಿದ ಇಪ್ಪತ್ತೈದು ವರ್ಷ

ಹತ್ತು ಹದಿನೈದು ವರ್ಷ ಹಳೇ ಸೋಲಾರ್ ಪ್ಯಾನೆಲ್ ಸಿಕ್ಕಿದ್ರೆ ಹತ್ರ ಹೋಗಿ ನೋಡಿ. ಬಹಳಷ್ಟು ನೀಲಿ ಬಣ್ಣದವು, ಒಳಗೆ ಚೂರು ಚೂರು ಹರಳು ಕಾಣುತ್ತೆ, ಪ್ರತಿ ಸೆಲ್ ಮೇಲೆ ಎರಡೋ ಮೂರೋ ದಪ್ಪ ಪಟ್ಟಿ. ಈಗ ಹಾಕ್ತಿರೋದು ಕಪ್ಪಗೆ ಒಂದೇ ಸಮ ಇರುತ್ತೆ, ಗೆರೆಗಳು ತೀರಾ ಸಣ್ಣ, ಸೆಲ್ಲನ್ನ ಅರ್ಧಕ್ಕೆ ಕತ್ತರಿಸಿ ಜೋಡಿಸಿರ್ತಾರೆ. ಚೀನಾದವರು ಅಗ್ಗಕ್ಕೆ ಮಾಡ್ತಾರೆ, ಅದಕ್ಕೇ ರೇಟ್ ಇಳೀತು ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದು ಅರ್ಧ ಕಥೆ ಅಷ್ಟೇ.

ಶುರುವಾಗಿದ್ದು ಅಮೆರಿಕದ ಬೆಲ್ ಲ್ಯಾಬ್ಸಲ್ಲಿ. 1954ರಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಅನ್ನೋ ಮೂವರು ಮಾಡಿದ ಸಿಲಿಕಾನ್ ಸೆಲ್ಲು ಬಿಸಿಲಿನ ಸುಮಾರು 6% ಶಕ್ತಿನ ಕರೆಂಟ್ ಮಾಡ್ತು. ಬೆಲೆ ಮಾತ್ರ ಯಾರ ಕೈಗೂ ಎಟುಕೋ ಹಾಗಿರಲಿಲ್ಲ. 1958ರಲ್ಲಿ ವ್ಯಾನ್‌ಗಾರ್ಡ್ 1 ಉಪಗ್ರಹಕ್ಕೆ ಹಾಕಿದ್ರು, ಯಾಕಂದ್ರೆ ಬಾಹ್ಯಾಕಾಶದಲ್ಲಿ ದುಡ್ಡಿಗಿಂತ ತೂಕದ್ದೇ ಚಿಂತೆ. 1973ರಲ್ಲಿ ತೈಲ ಬಿಕ್ಕಟ್ಟು ಬಂದ್ಮೇಲೇನೇ ಭೂಮಿ ಮೇಲೂ ಇದನ್ನ ಬಳಸ್ಬೇಕು ಅಂತ ಸರ್ಕಾರಗಳು ಸೀರಿಯಸ್ಸಾಗಿ ದುಡ್ಡು ಹಾಕಿದ್ದು.

ಆ ಕಾಲದಲ್ಲಿ ಫ್ಯಾಕ್ಟರಿಗಳು ಹಿಡಿದ ದಾರಿ ಸ್ಕ್ರೀನ್ ಪ್ರಿಂಟಿಂಗ್. ಮದುವೆ ಕಾರ್ಡ್ ಪ್ರಿಂಟ್ ಮಾಡೋ ಥರಾನೇ, ಇಂಕ್ ಬದಲು ಬೆಳ್ಳಿ ಪೇಸ್ಟು. ಮುಂದೆ ಬೆಳ್ಳಿ ಗೆರೆ, ಹಿಂದೆ ಪೂರ್ತಿ ಅಲ್ಯೂಮಿನಿಯಂ ಬಳಿದು ಕುಲುಮೆಗೆ ಬಿಟ್ರೆ ಸೆಲ್ ರೆಡಿ. ಅಗ್ಗ, ಸ್ಪೀಡು, ಆದ್ರೆ ಒಂದು ದೊಡ್ಡ ತೊಂದ್ರೆ: ಬಿಸಿಲು ಬಿದ್ದು ಸಿಲಿಕಾನಲ್ಲಿ ಬಿಡುಗಡೆ ಆದ ಎಲೆಕ್ಟ್ರಾನು ಹಿಂದಿನ ಲೋಹದ ಹತ್ರ ಹೋದ್ರೆ ಕರೆಂಟಾಗೋ ಮೊದಲೇ ಅಲ್ಲೇ ಕಳೆದುಹೋಗುತ್ತೆ.

ಇದಕ್ಕೆ ಪರಿಹಾರ ಕಂಡುಹಿಡಿದಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಯೂನಿವರ್ಸಿಟಿಯಲ್ಲಿ ಮಾರ್ಟಿನ್ ಗ್ರೀನ್ ಅವರ ಟೀಮು. ಸಿಲಿಕಾನಿಗೂ ಹಿಂದಿನ ಲೋಹಕ್ಕೂ ಮಧ್ಯೆ ಕರೆಂಟ್ ಹರಿಯದ ಒಂದು ತೆಳು ಪದರ ಇಟ್ಟು, ಅಲ್ಲಲ್ಲಿ ಸಣ್ಣ ತೂತು ಬಿಟ್ಟು ಅಲ್ಲಿ ಮಾತ್ರ ಲೋಹ ಮುಟ್ಟೋ ಹಾಗೆ ಮಾಡಿದ್ರು. ಇದರ ಹೆಸರು ಪರ್ಕ್. 1989ರಲ್ಲೇ ಇದು 22.8% ಮುಟ್ಟಿತ್ತು, ಆಮೇಲೆ ಅದೇ ಟೀಮು ಇದನ್ನ ಬೆಳೆಸಿ 25% ತನಕ ತಗೊಂಡು ಹೋಯ್ತು. ಆದ್ರೂ ಫ್ಯಾಕ್ಟರಿಗೆ ಬಂದು ಮಾರ್ಕೆಟ್ ಹಿಡಿಯೋಕೆ ಇಪ್ಪತ್ತೈದು ವರ್ಷದ ಮೇಲಾಯ್ತು!

ಯಾಕೆ ಅಂದ್ರೆ ಲ್ಯಾಬಲ್ಲಿ ಆ ತೂತುಗಳನ್ನ ಕಂಪ್ಯೂಟರ್ ಚಿಪ್ ಮಾಡೋ ಫೋಟೋಲಿಥೋಗ್ರಫಿಯಿಂದ ಮಾಡ್ತಿದ್ರು, ಸಿಲಿಕಾನು ಅತಿ ಶುದ್ಧ ಇರ್ಬೇಕಿತ್ತು, ಒಂದು ಸೆಲ್ಲಿಗೆ ಎಷ್ಟೊಂದು ಹಂತ. ದಾರಿ ತೆರೆದಿದ್ದು 2000ದ ನಂತರ, ಅಲ್ಯೂಮಿನಿಯಂ ಆಕ್ಸೈಡ್ ಪದರ ಕಡಿಮೆ ಶಾಖದಲ್ಲೇ ಈ ಕೆಲಸ ಚೆನ್ನಾಗಿ ಮಾಡುತ್ತೆ ಅಂತ ಯುರೋಪಿನ ಲ್ಯಾಬುಗಳು ತೋರಿಸಿದ್ಮೇಲೆ, ತೂತು ಹೊಡೆಯೋಕೆ ಲೇಸರ್ ಬಂದ್ಮೇಲೆ. ಅಷ್ಟೊತ್ತಿಗೆ ಜರ್ಮನಿ 2000ನೇ ಇಸವಿಯ ಕಾನೂನಿಂದ ಸೋಲಾರ್ ಕರೆಂಟಿಗೆ ಖಚಿತ ರೇಟ್ ಕೊಟ್ಟು ಮಾರ್ಕೆಟ್ ಹುಟ್ಟಿಸಿತ್ತು, ಗ್ರೀನ್ ಅವರ ಶಿಷ್ಯ ಶೀ ಝೆಂಗ್‌ರೊಂಗ್ 2001ರಲ್ಲಿ ಚೀನಾದ ವೂಶಿಯಲ್ಲಿ ಸನ್‌ಟೆಕ್ ಶುರು ಮಾಡಿದ್ರು. ಅಂದ್ರೆ ಚೀನಾಕ್ಕೆ ಹೋಗಿದ್ದು ಬರೀ ಆರ್ಡರ್ ಅಲ್ಲ, ಯೂನಿವರ್ಸಿಟಿಯ ವಿದ್ಯೆ ಕೂಡ.

ಇನ್ನೊಂದು ವಿಷಯ, ಇದನ್ನ ಯಾರೂ ಅಷ್ಟಾಗಿ ಮಾತಾಡಲ್ಲ: ಗರಗಸ. ಸಿಲಿಕಾನ್ ಗಟ್ಟಿನ ತೆಳು ಬಿಲ್ಲೆಯಾಗಿ ಕುಯ್ಯೋಕೆ ಮೊದಲು ಉಕ್ಕಿನ ತಂತಿ, ಜೊತೆಗೆ ಪುಡಿ ಬೆರೆಸಿದ ದ್ರವ ಬಳಸ್ತಿದ್ರು, ಬಿಲ್ಲೆ ಎಷ್ಟು ದಪ್ಪವೋ ಹೆಚ್ಚುಕಮ್ಮಿ ಅಷ್ಟೇ ಸಿಲಿಕಾನು ಪುಡಿಯಾಗಿ ಹೋಗೋದು. 2008ರಲ್ಲಿ ಶುದ್ಧ ಸಿಲಿಕಾನ್ ಕೆಜಿಗೆ 400 ಡಾಲರ್ ದಾಟಿದಾಗ ಆ ಪುಡಿ ನೋಡಿದ್ರೆ ಹೊಟ್ಟೆ ಉರೀಬೇಕು. ಆಮೇಲೆ ವಜ್ರದ ಕಣ ಅಂಟಿಸಿದ ತಂತಿ ಬಂತು, ವೇಸ್ಟ್ ಇಳೀತು, ಕೆಲಸ ಬೇಗ ಆಯ್ತು. ಅದರಲ್ಲೂ ಕಪ್ಪು ಏಕಹರಳಿನ ಸಿಲಿಕಾನಿಗೇ ಇದು ಚೆನ್ನಾಗಿ ಹೊಂದಿಕೊಳ್ತು. ನೀಲಿ ಪ್ಯಾನೆಲ್ ಮರೆಯಾಗೋಕೆ ಇದೂ ಒಂದು ಮುಖ್ಯ ಕಾರಣ. ಈಗ ಪರ್ಕ್ ಕೂಡ ಹಿಂದೆ ಬೀಳ್ತಿದೆ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2013ರಲ್ಲಿ ತೋರಿಸಿದ ಟಾಪ್‌ಕಾನ್ ಅನ್ನೋ ಇನ್ನೊಂದು ಥರದ ಸಿಲಿಕಾನ್ ಸೆಲ್ಲು ಅದರ ಜಾಗಕ್ಕೆ ಬಂದಿದೆ. ಸಿಲಿಕಾನಿನ ಥಿಯರಿ ಮಿತಿ ಸುಮಾರು 29.4%, 2022ರಲ್ಲೇ ಚೀನಾದ ಲೋಂಜಿ 26.81% ತೋರಿಸಿತ್ತು.

ನಾವೇನು ತಡವಾಗಿ ಶುರು ಮಾಡಿದವರಲ್ಲ. ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲೇ ಸೋಲಾರ್ ಸೆಲ್ ಮಾಡಿತ್ತು, ನಮ್ಮ ಬೆಂಗಳೂರಿನ ಬಿಎಚ್‌ಇಎಲ್ ಇಸ್ರೋ ಉಪಗ್ರಹಗಳಿಗೆ ಪ್ಯಾನೆಲ್ ಮಾಡಿಕೊಟ್ಟಿದೆ, ಟಾಟಾ ಬಿಪಿ ಸೋಲಾರ್ 1989ರಲ್ಲಿ ಬೆಂಗಳೂರಲ್ಲೇ ಹುಟ್ಟಿದ್ದು. ಪಾವಗಡದಲ್ಲಿ 2050 ಮೆಗಾವ್ಯಾಟ್ ಪಾರ್ಕೂ ಇದೆ. ಆದ್ರೆ ಸಿಲಿಕಾನ್, ಬಿಲ್ಲೆ ಎರಡಕ್ಕೂ ದೇಶ ಇವತ್ತಿಗೂ ಹೆಚ್ಚಾಗಿ ಚೀನಾ ಕಡೆ ನೋಡ್ತಿದೆ. ನನಗೆ ನಿಜವಾಗ್ಲೂ ಬೇಜಾರಾಗೋದು ಇದಕ್ಕೇ, ಲ್ಯಾಬ್ ಇತ್ತು, ಜನ ಇದ್ರು, ಆದ್ರೆ ಲ್ಯಾಬಿಗೂ ಫ್ಯಾಕ್ಟರಿಗೂ ಮಧ್ಯೆ ದೊಡ್ಡ ಸೈಜಲ್ಲಿ ಟ್ರಯಲ್ ಮಾಡೋ ಜಾಗಕ್ಕೆ ನಾವು ಸಾಕಷ್ಟು ದುಡ್ಡು ಹಾಕಲಿಲ್ಲ.

ಬಾಕಿ ಇರೋ ದೊಡ್ಡ ಪ್ರಶ್ನೆಗಳಲ್ಲಿ ಬೆಳ್ಳಿ ಒಂದು. ಸೆಲ್ಲಿನ ಖರ್ಚಲ್ಲಿ ಅದರ ಪಾಲು ದೊಡ್ಡದು, ತಾಮ್ರ ಹಾಕೋಣ ಅಂದ್ರೆ ಅದು ಬೇಗ ಕಿಲುಬು ಹಿಡಿಯುತ್ತೆ, ಸಿಲಿಕಾನ್ ಒಳಗೆ ಇಳಿದು ಸೆಲ್ಲನ್ನೇ ಕೆಡಿಸುತ್ತೆ, ತಡೆಯೋಕೆ ಮಧ್ಯೆ ಇನ್ನೊಂದು ಪದರ ಬೇಕು. ಲೋಹ, ಕೆಮಿಸ್ಟ್ರಿ ಗೊತ್ತಿರೋರಿಗೆ ನಮ್ಮಲ್ಲಿ ಕೊರತೆ ಇಲ್ಲ, ಈ ಸಲನಾದ್ರೂ ಪೇಪರ್ ಪಬ್ಲಿಷ್ ಮಾಡಿ ನಿಲ್ಲಿಸದೆ ಪ್ರಿಂಟಿಂಗ್ ಲೈನ್ ತನಕ ಹೋಗ್ಬೇಕು.