ಉತ್ತರ ಗೊತ್ತಿದ್ದರೂ ಸುಮ್ಮನಿರುವ ಕೆಲಸ

ನಾನು ನಡೆಸುವ ಹದಿಹರೆಯದವರ ಕೋಡಿಂಗ್ ಗುಂಪಿನಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಮುಕ್ಕಾಲು ಗಂಟೆಯಿಂದ ಒಂದೇ ಸ್ಕ್ರೀನ್ ನೋಡುತ್ತಾ ಕೂತಿದ್ದಳು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣದೊಂದು ಗೇಮ್ ಬರೆಯುತ್ತಿದ್ದಳು. ಶತ್ರುಗಳ ನಾಲ್ಕು ಹಡಗು ಸಾಲಾಗಿ ಬರುತ್ತವೆ, ಬಾಂಬ್ ಹಾಕಿದರೆ ನಾಲ್ಕೂ ಮಾಯವಾಗಬೇಕು. ಆದರೆ ಪ್ರತಿ ಸಲ ಎರಡು ಉಳಿದುಬಿಡುತ್ತಿದ್ದವು. ಯಾವಾಗಲೂ ಎರಡನೆಯದು ಮತ್ತು ನಾಲ್ಕನೆಯದು.

"ಈ ಕಂಪ್ಯೂಟರೇ ಸರಿ ಇಲ್ಲ" ಅಂದಳು.

ನಾನು ಹಿಂದೆಯೇ ನಿಂತಿದ್ದೆ. ತಪ್ಪು ನನ್ನ ಕಣ್ಣಿಗೆ ಬಿದ್ದಾಗಿತ್ತು. ಹಡಗುಗಳ ಲಿಸ್ಟ್, ಅಂದರೆ ಪಟ್ಟಿ, ಅದರ ಮೇಲೆ ಲೂಪ್, ಅಂದರೆ ಒಂದೊಂದನ್ನೇ ಸರದಿಯಲ್ಲಿ ನೋಡುತ್ತಾ ಹೋಗುವ ಕೋಡ್, ಓಡುತ್ತಿರುವಾಗಲೇ ಅದೇ ಲಿಸ್ಟ್‌ನಿಂದ ಒಂದೊಂದನ್ನೇ ತೆಗೆಯುತ್ತಿದ್ದಳು. ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಹುಡುಗ ಕುರ್ಚಿ ಎಳೆದುಕೊಂಡು ಬಂದ.

"ಏನಾಗ್ಬೇಕಿತ್ತು? ಏನಾಗ್ತಿದೆ?" ಎಂದು ಕೇಳಿದ. ಅವಳು ಹೇಳಿದಳು. ಅವನಿಗೂ ಉತ್ತರ ಗೊತ್ತಿರಲಿಲ್ಲ. ನಾಲ್ಕು ಪೆನ್ನಿನ ಮುಚ್ಚಳಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. "ನನ್ನ ಬೆರಳೇ ಲೂಪು. ಈಗ ಮೊದಲ್ನೇ ಜಾಗದಲ್ಲಿದೆ. ಅದನ್ನ ತೆಗಿ." ತೆಗೆದಳು. "ಲಿಸ್ಟಲ್ಲಿ ಮಧ್ಯೆ ಖಾಲಿ ಜಾಗ ಇರಲ್ಲ ಅಲ್ವಾ? ಉಳಿದಿದ್ದನ್ನ ಮುಂದಕ್ಕೆ ಸರಿಸು." ಸರಿಸಿದಳು. ಅವನ ಬೆರಳು ಎರಡನೇ ಜಾಗಕ್ಕೆ ಹೋಯಿತು. ಅಲ್ಲಿ ಬಂದು ಕೂತಿದ್ದದ್ದು ಮೂರನೇ ಮುಚ್ಚಳ. ಎರಡನೆಯದು ಬೆರಳಿಗೆ ಸಿಗದೆ ಹಿಂದೆ ಉಳಿದಿತ್ತು.

ಇಬ್ಬರೂ ಒಟ್ಟಿಗೆ "ಓ!" ಅಂದರು. ಆಮೇಲೆ ಅವಳು ಲಿಸ್ಟ್‌ನ ಒಂದು ಕಾಪಿ ಮಾಡಿ, ಲೂಪನ್ನು ಕಾಪಿಯ ಮೇಲೆ ಓಡಿಸಿ, ಹಡಗುಗಳನ್ನು ಮೂಲ ಲಿಸ್ಟ್‌ನಿಂದ ತೆಗೆದಳು. ನಾಲ್ಕೂ ಮಾಯವಾದವು. ಎರಡು ವಾರ ಬಿಟ್ಟು ಬಂದ ಹೊಸ ಹುಡುಗನಿಗೆ ಅವಳೇ ಪೆನ್ನಿನ ಮುಚ್ಚಳ ಇಟ್ಟು ಲಿಸ್ಟ್ ಅಂದರೇನು ಅಂತ ಹೇಳಿಕೊಡುತ್ತಿದ್ದಳು.

ಹದಿಹರೆಯದವರಿಗೆ ಕೋಡಿಂಗ್ ಗುಂಪು ಕಟ್ಟಬೇಕು ಅಂತ ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಭಾಷೆ, ಯಾವ ಪಾಠ, ಎಷ್ಟು ಕಂಪ್ಯೂಟರ್ ಅಂತ. ಪಾಠಗಳಿಗೇನೂ ಬರವಿಲ್ಲ. ಬೇಕಾದಷ್ಟು ವಿಡಿಯೊ ಪುಕ್ಕಟೆ ಸಿಗುತ್ತವೆ. ಆದರೂ ಮಕ್ಕಳು ಅರ್ಧಕ್ಕೇ ಬಿಡುತ್ತಾರೆ. ನಾನು ಕಂಡಂತೆ ಹೆಚ್ಚಿನವರು ಬಿಟ್ಟದ್ದು ವಿಷಯ ಕಷ್ಟ ಅಂತ ಅಲ್ಲ. ಒಂದು ಕಡೆ ಸಿಕ್ಕಿಹಾಕಿಕೊಂಡರು, ಕೇಳಲು ನಾಚಿಕೆಯಾಯಿತು, ಇದು ನನಗಲ್ಲ ಅಂದುಕೊಂಡರು, ಅಷ್ಟೇ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ದಡ್ಡರಂತೆ ಕಾಣುವುದಕ್ಕಿಂತ ದೊಡ್ಡ ಭಯ ಬೇರೆ ಇಲ್ಲ. ಹಾಗಾಗಿ ಒಂದು ಪ್ರಶ್ನೆ ಬಂದಾಗ ಅದಕ್ಕೆ ಎಂಥ ಮುಖ ಎದುರಾಗುತ್ತದೆ ಅನ್ನುವುದರ ಮೇಲೆ ಇಡೀ ಗುಂಪು ನಿಂತಿರುತ್ತದೆ.

"ಅಯ್ಯೋ, ಇಷ್ಟೂ ಗೊತ್ತಿಲ್ವಾ?" ಈ ಒಂದು ಮಾತು ಸಾಕು. ಹೇಳಿದವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಆದರೆ ಕೇಳಿಸಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ. ಸುತ್ತ ಕೂತ ಐದು ಜನರೂ ಬಿಡುವುದಿಲ್ಲ. ನ್ಯೂಯಾರ್ಕ್‌ನಲ್ಲಿ 2011ರಲ್ಲಿ ಶುರುವಾದ ರಿಕರ್ಸ್ ಸೆಂಟರ್ ಅನ್ನುವ ಕಡೆ ದೊಡ್ಡವರೇ ಒಟ್ಟಿಗೆ ಕೂತು ಪ್ರೋಗ್ರಾಮಿಂಗ್ ಕಲಿಯುತ್ತಾರೆ. ಅಲ್ಲಿನ ಕೆಲವೇ ನಿಯಮಗಳಲ್ಲಿ ಒಂದು, ಯಾರಿಗಾದರೂ ಏನಾದರೂ ಗೊತ್ತಿಲ್ಲ ಅಂದಾಗ ಆಶ್ಚರ್ಯ ತೋರಿಸಬಾರದು ಅನ್ನುವುದು. ದೊಡ್ಡವರಿಗೇ ಈ ನಿಯಮ ಬೇಕಾಯಿತು ಅಂದಮೇಲೆ ಮಕ್ಕಳಿಗೆ ಬೇಡವೇ? ನಾನು ಇದನ್ನು ಮೊದಲ ದಿನವೇ ಹೇಳುತ್ತೇನೆ. ಮರೆತು ಯಾರಾದರೂ ಅಂದರೆ ಅಲ್ಲೇ ಮೆತ್ತಗೆ ನೆನಪಿಸುತ್ತೇನೆ. ಆಮೇಲೆ ನೋಡೋಣ ಅಂತ ಬಿಟ್ಟರೆ ಆ ದಿನ ಸುಮ್ಮನಾದ ಮಗು ಮುಂದಿನ ವಾರ ಬರುವುದಿಲ್ಲ.

ಪ್ರಶ್ನೆ ಕೇಳುವುದನ್ನೂ ಹೇಳಿಕೊಡಬೇಕು. "ವರ್ಕ್ ಆಗ್ತಿಲ್ಲ" ಅನ್ನುವುದು ಪ್ರಶ್ನೆಯಲ್ಲ. ನಮ್ಮಲ್ಲಿ ಮೂರು ವಾಕ್ಯದ ರೂಢಿ ಇದೆ. ನಾನು ಏನು ಮಾಡಹೊರಟೆ, ಏನಾಯಿತು, ಇಲ್ಲಿವರೆಗೆ ಏನೇನು ಮಾಡಿ ನೋಡಿದೆ. ಮೂರನೇ ವಾಕ್ಯ ಮುಗಿಯುವ ಮೊದಲೇ "ಹಾಂ, ಗೊತ್ತಾಯ್ತು ಬಿಡಿ" ಅಂತ ವಾಪಸ್ ಹೋಗುವವರು ಬಹಳ. ಪ್ರೋಗ್ರಾಮರ್‌ಗಳು ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ತಮ್ಮ ಕೋಡ್ ವಿವರಿಸುವ ಪದ್ಧತಿ ಸುಮ್ನೆ ಹುಟ್ಟಿದ್ದಲ್ಲ. ಬಾಯಿಬಿಟ್ಟು ಹೇಳುವಾಗ ತಲೆಯೊಳಗಿನ ಗಂಟು ತಾನಾಗಿ ಸಡಿಲವಾಗುತ್ತದೆ.

ಆಮೇಲೂ ಬಗೆಹರಿಯಲಿಲ್ಲವೋ, ಮೊದಲು ಮೂವರು ಗೆಳೆಯರನ್ನು ಕೇಳಬೇಕು, ನಂತರ ನನ್ನನ್ನು. ಇದು ನನ್ನ ಕಲ್ಪನೆಯಲ್ಲ, ಕೋಡರ್‌ಡೋಜೋ ಅನ್ನುವ ಮಕ್ಕಳ ಕೋಡಿಂಗ್ ಕ್ಲಬ್‌ಗಳಲ್ಲಿ ಬೆಳೆದ ಪದ್ಧತಿ. ಆ ಕ್ಲಬ್‌ಗಳ ಹುಟ್ಟೂ ಇಲ್ಲಿ ನೆನೆಯುವಂಥದ್ದು. ಐರ್ಲೆಂಡ್‌ನ ಕಾರ್ಕ್‌ನಲ್ಲಿ ಜೇಮ್ಸ್ ವೆಲ್ಟನ್ ಅನ್ನುವ ಹುಡುಗ ಹಾಡು ಕೇಳುವ ಪುಟ್ಟ ಸಾಧನವಾದ ಐಪಾಡ್ ನ್ಯಾನೊ ಒಂದನ್ನು ಹ್ಯಾಕ್ ಮಾಡಿ ಹೆಸರಾದ. ಶಾಲೆಯ ಕಿರಿಯರು ನಮಗೂ ಹೇಳಿಕೊಡು ಅಂತ ಬಂದರು. ಅವನು ಶಾಲೆಯಲ್ಲೇ ಕ್ಲಬ್ ಮಾಡಿದ. ಅದನ್ನು 2011ರಲ್ಲಿ ಉದ್ಯಮಿ ಬಿಲ್ ಲಿಯಾವೊ ಜತೆ ಸೇರಿ ಶಾಲೆಯ ಹೊರಗೂ ಬೆಳೆಸಿದ. ಏಳರಿಂದ ಹದಿನೇಳು ವರ್ಷದವರಿಗಾಗಿ ಹುಟ್ಟಿದ ಈ ಕ್ಲಬ್‌ಗಳು ಮುಂದೆ ಹತ್ತಾರು ದೇಶಗಳಿಗೆ ಹರಡಿದವು. ಬೀಜ ಮಾತ್ರ ಒಬ್ಬ ಹುಡುಗ ತನ್ನ ಶಾಲೆಯ ಕಿರಿಯರಿಗೆ ಹೇಳಿಕೊಟ್ಟದ್ದು.

ಪ್ರೋಗ್ರಾಮಿಂಗ್‌ನ ಮೊದಲ ಪುಟದಲ್ಲೇ ಇಂಥ ಗುಂಪೊಂದಿದೆ. 1945ರಲ್ಲಿ ಎನಿಯಾಕ್ ಅನ್ನುವ ಆರಂಭ ಕಾಲದ ಕಂಪ್ಯೂಟರ್ ಯಂತ್ರದ ಕೆಲಸಕ್ಕೆ ಆರಿಸಿದ ಆರು ಮಹಿಳೆಯರಿಗೆ ಕಲಿಯಲು ಪ್ರೋಗ್ರಾಮಿಂಗ್ ಪುಸ್ತಕವೇ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಮುಂದಿಟ್ಟುಕೊಂಡು, ಒಬ್ಬರಿಗೊಬ್ಬರು ವಿವರಿಸುತ್ತಾ ಕಲಿತರು.

ಇನ್ನು ಕೀಬೋರ್ಡ್. ಸಹಾಯಕ್ಕೆ ಬಂದವರು ಇನ್ನೊಬ್ಬರ ಕೀಬೋರ್ಡ್ ಮುಟ್ಟುವಂತಿಲ್ಲ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಗೊತ್ತಿರುವ ಹುಡುಗ ಬಂದು ಪಟಪಟ ಅಂತ ಟೈಪ್ ಮಾಡಿ, "ನೋಡು, ಆಯ್ತು" ಅಂತ ಎದ್ದು ಹೋದರೆ ಕೋಡ್ ಓಡುತ್ತದೆ, ಕೂತವಳು ಅಲ್ಲೇ ಇರುತ್ತಾಳೆ. ಮೊದಲಿಗಿಂತ ಸ್ವಲ್ಪ ಕುಗ್ಗಿರುತ್ತಾಳೆ ಕೂಡ. ಬೆರಳು ತೋರಿಸಬಹುದು, ಪ್ರಶ್ನೆ ಕೇಳಬಹುದು, ಕಾಗದದ ಮೇಲೆ ಬರೆದು ತೋರಿಸಬಹುದು. ಕಂಪನಿಗಳಲ್ಲಿ ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವ ಪೇರ್ ಪ್ರೋಗ್ರಾಮಿಂಗ್ ಪದ್ಧತಿಯಲ್ಲಿ ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ದಾರಿ ನೋಡುತ್ತಾರೆ. ಮಕ್ಕಳಿಗೂ ಇದು ಚೆನ್ನಾಗಿ ಹೊಂದುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಇಲ್ಲದಿದ್ದರೆ ಜೋರು ಇರುವವರ ಕೈಯಲ್ಲೇ ಕೀಬೋರ್ಡ್ ಉಳಿಯುತ್ತದೆ.

ಎಷ್ಟು ಜನ ಇರಬೇಕು? ನಾಲ್ಕು ಜನರಿಂದ ಶುರು ಮಾಡಿ, ಹನ್ನೆರಡಕ್ಕೆ ನಿಲ್ಲಿಸಿ. ದಿನ, ಹೊತ್ತು ಬದಲಾಗದಿರಲಿ.

ನಾನು ಒಂದು ತಪ್ಪು ಮಾಡಿದ್ದೆ. ಎರಡನೇ ವರ್ಷ ಅಂಕದ ಹಲಗೆ ಹಾಕಿದೆ. ಲೆಕ್ಕ ಬಿಡಿಸಿದರೆ ಇಷ್ಟು, ಪ್ರಾಜೆಕ್ಟ್ ಮುಗಿಸಿದರೆ ಇಷ್ಟು ಅಂತ. ಮೊದಲ ಎರಡು ವಾರ ಭಾರಿ ಹುರುಪು. ಮೂರನೇ ವಾರದಿಂದ ಸಹಾಯ ಕೇಳುವುದು ನಿಂತಿತು. ಸಹಾಯ ಮಾಡುವುದೂ ನಿಂತಿತು, ಯಾಕೆಂದರೆ ಪಕ್ಕದವನಿಗೆ ಕೊಟ್ಟ ಹೊತ್ತು ತನ್ನ ಅಂಕದಿಂದ ಹೋದ ಹಾಗೆ. ಕೆಳಗಿದ್ದ ಮೂವರು ಬರುವುದನ್ನೇ ಬಿಟ್ಟರು. ಹಲಗೆ ತೆಗೆದೆ. ಮೂವರಲ್ಲಿ ಒಬ್ಬನೇ ವಾಪಸ್ ಬಂದ. ಉಳಿದಿಬ್ಬರ ಬಗ್ಗೆ ನನಗೆ ಇವತ್ತಿಗೂ ಬೇಸರವಿದೆ. ಸ್ಪರ್ಧೆಯಿಂದ ಕೆಲವರಿಗೆ ಒಳ್ಳೆಯದಾಗುತ್ತದೆ, ನಿಜ. ಅದಕ್ಕೆ ಬೇರೆ ದಿನ, ಬೇರೆ ಜಾಗ ಇಡಿ.

ಈಗ ನಾವು ಮಾಡುವುದು ಬೇರೆ. ಕೊನೆಯ ಇಪ್ಪತ್ತು ನಿಮಿಷ ಇಬ್ಬರೋ ಮೂವರೋ ತಮ್ಮ ಕೆಲಸ ತೋರಿಸುತ್ತಾರೆ. ಶರತ್ತು ಒಂದೇ, ಅದು ಮುಗಿದಿರಬಾರದು. ಎಲ್ಲಿ ಕೆಟ್ಟಿದೆ, ಎಲ್ಲಿ ನಿಂತಿದೆ ಅನ್ನುವುದನ್ನು ತೋರಿಸಬೇಕು. ಮುಗಿದ ಕೆಲಸಕ್ಕೆ ಚಪ್ಪಾಳೆ ಸಿಗುತ್ತದೆ, ಅರ್ಧ ಆದ ಕೆಲಸಕ್ಕೆ ಸಹಾಯದ ಕೈ ಸೇರುತ್ತದೆ. ಮೊದಲು ನಾನೇ ತೋರಿಸುತ್ತೇನೆ. ನನ್ನ ಕೋಡ್ ಎಲ್ಲರ ಮುಂದೆ ಎರರ್ ಕೊಟ್ಟಾಗ ನಾನು ಗಾಬರಿಯಾಗದೆ ಆ ಎರರನ್ನು ಸಾಲು ಸಾಲಾಗಿ ಓದುವುದನ್ನು ಅವರು ನೋಡಬೇಕು. ಕೆಂಪಕ್ಷರ ಅಂದರೆ ಬೈಗುಳವಲ್ಲ, ಸುಳಿವು ಅಂತ ಅಲ್ಲಿ ತಿಳಿಯುತ್ತದೆ.

ನಕಲಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ಪಕ್ಕದವರ ಹಾಳೆ ನೋಡುವುದು ತಪ್ಪು ಅಂತ ಮಕ್ಕಳಿಗೆ ವರ್ಷಗಟ್ಟಲೆ ಹೇಳಿರುತ್ತೇವೆ. ಇಲ್ಲಿಗೆ ಬಂದರೆ ನೋಡು, ತೆಗೆದುಕೋ, ಬದಲಿಸು ಅನ್ನುತ್ತೇವೆ. ಗೊಂದಲ ಆಗುವುದು ಸಹಜ. ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್ ಹೊರತಂದಾಗಲೇ ಇದಕ್ಕೆ ದಾರಿ ಮಾಡಿಟ್ಟಿದ್ದರು. ಅಲ್ಲಿ ಹಂಚಿಕೊಂಡ ಯಾರ ಪ್ರಾಜೆಕ್ಟನ್ನಾದರೂ ತೆರೆದು ಒಳಗೆ ನೋಡಬಹುದು, ರೀಮಿಕ್ಸ್ ಮಾಡಬಹುದು, ಅಂದರೆ ಬದಲಿಸಿ ಹೊಸದು ಮಾಡಬಹುದು, ಮೂಲ ಮಾಡಿದವರ ಹೆಸರು ಹಾಗೇ ಉಳಿಯುತ್ತದೆ. ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ ಓಪನ್ ಸೋರ್ಸ್ ಲೋಕ ನಡೆಯುವುದೂ ಹೀಗೆ. ನಮ್ಮಲ್ಲೂ ಕೋಡ್‌ನ ಮೊದಲ ಸಾಲಿನಲ್ಲಿ ಯಾರದ್ದನ್ನು ನೋಡಿ ಕಲಿತೆ ಅಂತ ಕಾಮೆಂಟ್ ಬರೆಯಬೇಕು. ತನ್ನ ಹೆಸರು ಇನ್ನೊಬ್ಬರ ಕೋಡ್‌ನಲ್ಲಿ ಮೊದಲ ಸಲ ಕಂಡಾಗ ಆ ಮಗುವಿನ ಮುಖ ನೋಡಬೇಕು ನೀವು.

2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ, ಇನ್ನು ಈ ಗುಂಪು ಯಾಕೆ ಅನ್ನುವುದು. ಎಐ ಬೈಯುವುದಿಲ್ಲ, ನಗುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಉತ್ತರ ಕೊಡುತ್ತದೆ. ನಾಚಿಕೆ ಸ್ವಭಾವದ ಮಗುವಿಗೆ ಅದು ಆಸರೆಯೇ. ಹಾಗಾಗಿ ನಾನು ಬೇಡ ಅನ್ನುವುದಿಲ್ಲ. ಸಾಲು ಸಾಲೂ ವಿವರಿಸಲು ಬಾರದ ಕೋಡನ್ನು ಗುಂಪಿನ ಮುಂದೆ ತರಬಾರದು, ಇಷ್ಟೇ ನಿಯಮ. ಆದರೆ ಆ ಪೆನ್ನಿನ ಮುಚ್ಚಳದ ಹುಡುಗನನ್ನು ನೆನೆಯಿರಿ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಅವಳಿಗೆ ಸಹಾಯ ಮಾಡಹೋಗಿ ಅವನೂ ಕಲಿತ. ಅವಳು ಎಐಯನ್ನು ಕೇಳಿದ್ದರೆ ಅವಳ ಹಡಗುಗಳು ಮಾಯವಾಗುತ್ತಿದ್ದವು. ಅವನು ಪಕ್ಕದಲ್ಲೇ ಇದ್ದೂ ಏನೂ ತಿಳಿಯದೆ ಮನೆಗೆ ಹೋಗುತ್ತಿದ್ದ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹತ್ತು ಹುಡುಗರ ನಡುವೆ ಒಬ್ಬಳೇ ಹುಡುಗಿ ಬಂದರೆ ಬಹಳ ದಿನ ನಿಲ್ಲುವುದಿಲ್ಲ. ಅವಳದ್ದು ಆಸಕ್ತಿ ಕಡಿಮೆ ಅಂತ ಬರೆದುಬಿಡಬೇಡಿ. ಮೊದಲ ದಿನವೇ ಗೆಳತಿಯನ್ನು ಕರೆದುಕೊಂಡು ಬಾ ಅನ್ನಿ. ಗೆಳತಿಗೆ ಕೋಡಿಂಗ್ ಬೇಡವಾದರೂ ಪರವಾಗಿಲ್ಲ, ಚಿತ್ರ ಬರೆಯಲಿ, ಕಥೆ ಕಟ್ಟಲಿ. ಗೇಮ್‌ಗೆ ಅವೆಲ್ಲ ಬೇಕು.

ಸುರಕ್ಷತೆಯಲ್ಲಿ ಮಾತ್ರ ಸಲಿಗೆ ಬೇಡ. ಕೋಣೆಯಲ್ಲಿ ದೊಡ್ಡವರು ಇಬ್ಬರಿರಬೇಕು. ಮೆಂಟರ್ ಆದವರು ಯಾವ ಮಗುವಿನ ಜತೆಗೂ ಖಾಸಗಿಯಾಗಿ ಚಾಟ್ ಮಾಡಬಾರದು, ಮಾತೆಲ್ಲ ಗುಂಪಿನಲ್ಲೇ. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್, ಗುಂಪಾಗಿ ಚಾಟ್ ಮಾಡುವ ಡಿಸ್ಕಾರ್ಡ್ ಎರಡರಲ್ಲೂ ಖಾತೆಗೆ ಕನಿಷ್ಠ ಹದಿಮೂರು ವರ್ಷ ಆಗಿರಬೇಕು, ಕೆಲವು ದೇಶಗಳಲ್ಲಿ ಇನ್ನೂ ಹೆಚ್ಚು. ವಯಸ್ಸು ಸುಳ್ಳು ಹೇಳಿ ಖಾತೆ ತೆರೆಯಲು ನೀವು ಕಣ್ಣುಮುಚ್ಚಿ ಬಿಡಬೇಡಿ. ನಿಮ್ಮ ಕಣ್ಣೆದುರೇ ನಡೆದ ಸುಳ್ಳು ಅದು. ಮನೆಯವರಿಗೆ ಗೊತ್ತಿರಲಿ, ಅವರು ಯಾವಾಗ ಬೇಕಾದರೂ ಬಂದು ಕೂರುವಂತಿರಲಿ.

ಮೂರು ವರ್ಷ ಜತೆಗಿದ್ದವರು ಹದಿನೇಳಾದಾಗ ಹೊರಡುತ್ತಾರೆ. ಅನೇಕ ಗುಂಪುಗಳು ಒಡೆಯುವುದು ಆಗಲೇ. ಅದಕ್ಕೆ ಒಂದು ವರ್ಷ ಮುಂಚೆಯೇ ಕೆಲಸ ಹಂಚಬೇಕು. ಹೊಸಬರನ್ನು ಬರಮಾಡಿಕೊಳ್ಳುವುದು ಒಬ್ಬರಿಗೆ, ತೋರಿಸುವ ಸರದಿ ನೋಡುವುದು ಇನ್ನೊಬ್ಬರಿಗೆ. 2014ರಲ್ಲಿ ಝಾಕ್ ಲಟ್ಟಾ ಶುರು ಮಾಡಿದ ಹ್ಯಾಕ್ ಕ್ಲಬ್ ಅನ್ನುವ ಕೋಡಿಂಗ್ ಕ್ಲಬ್‌ಗಳ ಬಳಗದಲ್ಲಿ ಪ್ರೌಢಶಾಲೆಯ ಮಕ್ಕಳೇ ಕ್ಲಬ್ ನಡೆಸುತ್ತಾರೆ. ಮಕ್ಕಳ ಕೈಲಿ ಆಗುತ್ತದಾ ಅಂತ ಕೇಳುವವರಿಗೆ ನಾನು ಅದನ್ನೇ ತೋರಿಸುತ್ತೇನೆ. ಅವರು ನಡೆಸುವಾಗ ಸ್ವಲ್ಪ ಗದ್ದಲ ಜಾಸ್ತಿ, ಹೊತ್ತು ಆಚೀಚೆ ಆಗುತ್ತದೆ. ಆಗಲಿ.

ಹಡಗಿನ ಗೇಮ್ ಬರೆದ ಹುಡುಗಿಗೆ ಈಗ ಹದಿನಾರು. ಹೊಸಬರ ಜವಾಬ್ದಾರಿ ಅವಳದ್ದು. ಕಳೆದ ವಾರ ನಾನು ಬಾಗಿಲು ತೆಗೆಯುವಾಗ ಒಬ್ಬ ಚಿಕ್ಕ ಹುಡುಗ ಅವಳ ಹತ್ತಿರ ನಿಂತು "ಅಕ್ಕಾ, ಇದು ವರ್ಕ್ ಆಗ್ತಿಲ್ಲ" ಅನ್ನುತ್ತಿದ್ದ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಏನಾಗ್ಬೇಕಿತ್ತು, ಹೇಳು" ಅಂದಳು.