ಪುಶ್ ಹ್ಯಾಂಡ್ಸ್ ಪಟ್ಟಲ್ಲ

ಮೊನ್ನೆ ಮತ್ತೊಂದು ವಿಡಿಯೊ ಕಣ್ಣಿಗೆ ಬಿತ್ತು. "ಪುಶ್ ಹ್ಯಾಂಡ್ಸ್ ಹಾಕಿ ಪೈಲ್ವಾನನನ್ನೇ ಕೆಡವಿದ ತೈ ಚಿ ಗುರು" ಅಂತ ತಲೆಬರಹ. ಹಾಕಿ! ಕುಸ್ತಿಯಲ್ಲಿ ಧೋಬಿ ಪಛಾಡ್ ಅನ್ನುವ ಪಟ್ಟು ಹಾಕಿದ ಹಾಗೆ. ಇದನ್ನು ಓದಿ ಓದಿ ಸಾಕಾಗಿದೆ.

ಪಟ್ಟು ಏನು ಅಂತ ನಿಮಗೆ ಹೇಳಬೇಕಿಲ್ಲ. ಅದನ್ನು ಹಾಕಬಹುದು, ಬಿಡಿಸಿಕೊಳ್ಳಬಹುದು, ಅದಕ್ಕೊಂದು ಮರುಪಟ್ಟು ಹೂಡಬಹುದು. ಪುಶ್ ಹ್ಯಾಂಡ್ಸ್ ಆ ಜಾತಿಯದಲ್ಲ. ಅದು ತೈ ಚಿ ಅನ್ನುವ ಚೀನೀ ಸಮರಕಲೆಯಲ್ಲಿ ಇಬ್ಬರು ಎದುರುಬದುರು ನಿಂತು ಮಾಡುವ ತಾಲೀಮು. "ತಾಲೀಮು ಹಾಕಿ ಎದುರಾಳಿಯನ್ನು ಕೆಡವಿದ" ಅಂತ ಯಾರಾದರೂ ಬರೆದರೆ ನಗುವುದಿಲ್ವಾ? ಇದೂ ಅಷ್ಟೇ.

ಗೊಂದಲಕ್ಕೆ ಅರ್ಧ ಕಾರಣ ಹೆಸರು. ಚೀನೀ ಭಾಷೆಯಲ್ಲಿ ಇದು ತ್ವೇ ಶೌ. ತ್ವೇ ಅಂದರೆ ತಳ್ಳು, ಶೌ ಅಂದರೆ ಕೈ. ಇಂಗ್ಲಿಷಿನವರು ಪದಕ್ಕೆ ಪದ ಇಟ್ಟರು, ನಮ್ಮವರು ಅದನ್ನೇ ಹಿಡಿದು "ತಳ್ಳುವ ಕೈಗಳು" ಅಂದರು. ಕೇಳಿದರೆ ನೂಕುನುಗ್ಗಲಿನ ನೆನಪು ಬರುತ್ತದೆ. ತಮಾಷೆ ಏನು ಗೊತ್ತಾ? ಇದರ ಹಳೆಯ ಹೆಸರು ದಾ ಶೌ. ದಾ ಅಂದರೆ ಹೊಡೆ. ತೈ ಚಿಯವರು ಈಗಲೂ ಬಾಯಿಪಾಠ ಮಾಡುವ ಒಂದು ಪುಟ್ಟ ಪದ್ಯವಿದೆ, ಹೆಸರು ದಾ ಶೌ ಗೆ. ಹೊಡೆಯುವ ಕೈಯ ಹಾಡು. ಆದರೆ ಆ ಹಾಡಿನಲ್ಲಿ ಹೊಡೆಯಲು ಬರುವವನು ಎದುರಾಳಿ ಮಾತ್ರ. ಅವನು ಎಷ್ಟೇ ಬಲ ಹಾಕಿ ಬರಲಿ, ನಾಲ್ಕು ಲಿಯಾಂಗ್‌ನಿಂದ ಸಾವಿರ ಜಿನ್ ಸರಿಸಿಬಿಡು ಅನ್ನುತ್ತದೆ ಪದ್ಯ. ಹಳೆಯ ತೂಕದ ಲೆಕ್ಕದಲ್ಲಿ 1 ಜಿನ್‌ಗೆ 16 ಲಿಯಾಂಗ್. ಅಂದರೆ 16,000ಕ್ಕೆ 4. ಇದನ್ನು ಅಕ್ಷರಶಃ ನಂಬಿ ಕೂತವರೂ ಇದ್ದಾರೆ, ಏನು ಮಾಡೋಣ.

ಅದೇ ಪದ್ಯ ಕೊನೆಗೆ ಎರಡು ತಪ್ಪು ಹೆಸರಿಸುತ್ತದೆ. ಒಂದು ದ್ಯೂ, ಅಂದರೆ ತಾಗಿದ್ದನ್ನು ಬಿಟ್ಟುಬಿಡುವುದು. ಇನ್ನೊಂದು ದಿಂಗ್, ಅಂದರೆ ಟಗರಿನಂತೆ ಎದುರಿಗೆ ಒತ್ತಿ ನಿಲ್ಲುವುದು. ಗಮನಿಸಿ, ನಾವು ನೀವು "ತಳ್ಳುವುದು" ಅಂದುಕೊಳ್ಳುತ್ತೇವಲ್ಲ, ಆ ಬಲಕ್ಕೆ ಬಲದ ಕೆಲಸವೇ ಇಲ್ಲಿ ತಪ್ಪು!

ಹಾಗಾದರೆ ತಳ್ಳುವುದು ಎಲ್ಲಿ? ಹತ್ತಿರದಿಂದ ನೋಡಿ. ಇಬ್ಬರ ಮಣಿಕಟ್ಟು ತಾಗಿದೆ. ಅವನು ಒತ್ತುತ್ತಾನೆ. ನೀವು ಕೈ ತೆಗೆಯುವುದೂ ಇಲ್ಲ, ಬಿಗಿಯುವುದೂ ಇಲ್ಲ, ಸೊಂಟ ತಿರುಗಿಸುತ್ತೀರಿ. ಅವನ ಒತ್ತಡ ನಿಮ್ಮ ಎದೆಯ ಪಕ್ಕದಿಂದ ಹಾದು ಹೋಗುತ್ತದೆ. ಅವನ ಮೊಣಕೈ ಮುಂಗಾಲಿನ ಮಂಡಿ ದಾಟುತ್ತದೆ, ಹಿಂದಿನ ಹಿಮ್ಮಡಿ ಒಂದಿಷ್ಟು ಹಗುರಾಗುತ್ತದೆ. ಆ ಕ್ಷಣಕ್ಕೆ ಸುಮ್ನೆ ಒಂದು ಸಣ್ಣ ಒತ್ತು. ಅಷ್ಟೇ ತಳ್ಳುವುದು. ಉಳಿದ ಹೊತ್ತೆಲ್ಲ ತೈ ಚಿಯವರು "ಕೇಳಿಸಿಕೊಳ್ಳುವುದು" ಅನ್ನುವ ಕೆಲಸ. ಕಿವಿಯಿಂದಲ್ಲ, ಚರ್ಮದಿಂದ.



ಕುಸ್ತಿ ಜೊತೆ ಹೋಲಿಸಲೇಬೇಕು ಅಂದರೆ ಪಟ್ಟಿನ ಜೊತೆ ಬೇಡ, ಪಮ್ಮೆಲಿಂಗ್ ಜೊತೆ ಹೋಲಿಸಿ. ಗ್ರೀಕೊ-ರೋಮನ್ ಕುಸ್ತಿಯವರು ಎದೆಗೆ ಎದೆ ತಾಗಿಸಿ, ತೋಳನ್ನು ಒಳಕ್ಕೆ ತೂರಿಸುತ್ತಾ, ಕಂಕುಳ ಕೆಳಗಿನ ಹಿಡಿತಕ್ಕೆ ಆಡುವ ಆಟ ಅದು. ಅಲ್ಲೂ ಕಣ್ಣಿಗಿಂತ ಮೈಗೇ ಮೊದಲು ಗೊತ್ತಾಗುವುದು. ಜೂಡೊದವರು ಹೇಳುವ ಕುಜುಶಿ, ಅಂದರೆ ಎಸೆಯುವ ಮೊದಲು ಸಮತೋಲ ಕೆಡಿಸುವುದು, ಅದೂ ಇದರ ಹತ್ತಿರದ ನೆಂಟ.

ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಕುಸ್ತಿಯವನಿಗೆ ಸಮತೋಲ ಕೆಡುವುದು ಬರೀ ಶುರು. ಹಿಡಿಯಬೇಕು, ಸೊಂಟ ಸೇರಿಸಬೇಕು, ಭುಜ ನೆಲಕ್ಕೆ ಮುಟ್ಟಿಸಬೇಕು. ಹೆಜ್ಜೆ ಕದಲಿಸದೆ ಆಡುವ ಪುಶ್ ಹ್ಯಾಂಡ್ಸ್‌ನಲ್ಲಿ ಎದುರಾಳಿಯ ಪಾದ ಕದಲಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಪೈಲ್ವಾನ ಬಗ್ಗಿ ಕಾಲಿಗೆ ಕೈ ಹಾಕಿ ತೈ ಚಿಯವನನ್ನು ಎತ್ತಿ ಹಾಕಿದ ವಿಡಿಯೊ ಏನನ್ನೂ ಸಾಬೀತು ಮಾಡುವುದಿಲ್ಲ. ಕಾಲು ಹಿಡಿಯುವುದು ಆ ಆಟದಲ್ಲೇ ಇರಲಿಲ್ಲ. ತಾಲೀಮಿನಲ್ಲೇ ಮುಳುಗಿ ನನ್ನನ್ನು ಯಾರೂ ಕೆಡವಲಾರರು ಅಂದುಕೊಂಡವನಿಗೆ ಮಾತ್ರ ಅದು ಒಳ್ಳೆ ಏಟು.

ತೈ ಚಿಯಲ್ಲಿ ಪಟ್ಟಿಗೆ ಹತ್ತಿರ ಬರುವಂಥವು ಬೇರೆಯೇ ಇವೆ, ಒಟ್ಟು ಎಂಟು. ಪೆಂಗ್, ಲ್ಯು, ಜಿ, ಆನ್ ಮೊದಲ ನಾಲ್ಕು. ಲ್ಯು ಅಂದರೆ ಬಂದದ್ದನ್ನು ಪಕ್ಕಕ್ಕೆ ಹರಿಯಬಿಡುವುದು. ಕೊನೆಯದು ಕಾವ್, ಭುಜದಿಂದ ಗುದ್ದುವುದು. ಪೈಲ್ವಾನನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ತಲೆಬರಹ ಬರೆಯುವವರೇ, "ಪುಶ್ ಹ್ಯಾಂಡ್ಸ್ ಆಡುವಾಗ ಲ್ಯು ಮಾಡಿ ಕೆಡವಿದ" ಅಂತ ಬರೆಯಿರಿ. ಎರಡು ಪದ ಜಾಸ್ತಿ ಆಗುತ್ತದೆ, ಆಗಲಿ.